ಲಿಫ್ಟ್ ಬಿಟ್ಟು ಬರಲಾಗದವನು

ನನ್ನ ಅಳಿಯ ಒಂದು ಆಸ್ಪತ್ರೆಯಲ್ಲಿ ಲಿಫ್ಟ್ ಓಡಿಸುತ್ತಾನೆ. ಹಳೇ ಕಾಲದ ಲಿಫ್ಟು, ಕಬ್ಬಿಣದ ಜಾಲರಿ ಬಾಗಿಲು. ಒಳಗೆ ಒಬ್ಬ ನಿಂತು ಹಿಡಿ ತಿರುಗಿಸಿದರೇ ಅದು ಏಳುವುದು, ಇಳಿಯುವುದು. ಅಲ್ಲಿಯವರೆಲ್ಲ ಅವನನ್ನು ಪೈಲಟ್ ಅಂತ ಕರೆಯುತ್ತಾರೆ. “ಹನ್ನೊಂದು ವರ್ಷದಿಂದ ಹಾರ್ತಾನೇ ಇದೀನಿ ಅತ್ತೆ, ಈ ಕಟ್ಟಡ ದಾಟಿಲ್ಲ” ಅಂತ ತಾನೇ ನಗುವ ಮನುಷ್ಯ.

ಅವನ ಮಗಳಿಗೆ ಐದು ವರ್ಷ. ತೊಡೆಸಂದಿಯಲ್ಲಿ ಗಂಟು ಎದ್ದಿತ್ತು, ಹರ್ನಿಯಾ ಅಂದರು. ಅವನ ಆಸ್ಪತ್ರೆಯಲ್ಲೇ ಸಣ್ಣ ಆಪರೇಷನ್, ಮುಕ್ಕಾಲು ಗಂಟೆಯ ಕೆಲಸ. ಗುರುವಾರ ಅಂತ ಅಳಿಯ ಆ ದಿನಕ್ಕೇ ರಜೆ ಬರೆದುಕೊಟ್ಟಿದ್ದ. ಮಂಗಳವಾರ ಸಂಜೆ ಇದ್ದಕ್ಕಿದ್ದಂತೆ, ನಾಳೆಯೇ ಕರೆತನ್ನಿ ಅಂದುಬಿಟ್ಟರು. ಲಿಫ್ಟಿನ ಇನ್ನೊಬ್ಬ ಆಳು ಊರಲ್ಲಿರಲಿಲ್ಲ. ನನ್ನ ಮಗಳು ಹಸಿ ಬಾಣಂತಿ, ಕೂಸು ಬಿಟ್ಟು ಬರುವಂತಿಲ್ಲ. ಹಾಗಾಗಿ ನಾನು ಹೋದೆ.

ಮೊಮ್ಮಗಳನ್ನು ಮೂರನೇ ಮಹಡಿಗೆ ಏರಿಸಿದವನು ಅವಳಪ್ಪನೇ. ಗಾಲಿ ಮಂಚದ ಮೇಲೆ ಮಲಗಿ ಅವಳು ಅವನ ಬೆರಳು ಹಿಡಿದುಕೊಂಡಿದ್ದಳು.

“ಕಣ್ಣು ಬಿಟ್ಟಾಗ ಇರ್ತೀಯಾ?”

“ಇರ್ತೀನಿ, ಚಿನ್ನ.”

“ಅಜ್ಜಿ ಅಲ್ಲ. ನೀನು.”

“ನಾನೇ ಕಣೇ. ಅಜ್ಜಿ ಅಷ್ಟೊತ್ತಿಗೆ ಗೊರಕೆ ಹೊಡೀತಿರುತ್ತೆ.”

ಥಿಯೇಟರಿನ ಬಾಗಿಲು ಮುಚ್ಚಿತು. ಹೊರಗಿನ ಬೆಂಚು ತುಂಬಿತ್ತು. ಅಳಿಯ ತನ್ನ ಸ್ಟೂಲು ಕೊಟ್ಟು ನನ್ನನ್ನು ಲಿಫ್ಟಿನೊಳಗೇ ಕೂರಿಸಿಕೊಂಡ. ಯಾವ ಮಹಡಿಯಿಂದ ಗಂಟೆ ಹೊಡೆದರೂ ಹೋಗಲೇಬೇಕು. ಎಕ್ಸ್‌ರೇಗೆ ಹೋಗುವವರು, ಊಟದ ಗಾಡಿ, ಮಾಸಿದ ಬಟ್ಟೆಯ ಮೂಟೆ. ಮೂರನೇ ಮಹಡಿ ಬಂದಾಗೆಲ್ಲ ಜಾಲರಿಗೆ ಮುಖ ಒತ್ತಿ ಥಿಯೇಟರಿನ ಕೆಂಪು ದೀಪ ನೋಡುವನು, ಮತ್ತೆ ಹಿಡಿ ತಿರುಗಿಸುವನು.

ಕಸ ಗುಡಿಸುವಾಕೆ ಪೊರಕೆ ಹಿಡಿದು ಹತ್ತಿದಳು. “ಏನ್ ಪೈಲಟ್, ಮುಖ ಹರಳೆಣ್ಣೆ ಕುಡಿದಂಗಿದೆ? ಗಂಟು ತೆಗೆಯೋದಂದ್ರೆ ಉಗುರು ಕತ್ತರಿಸಿದಂಗೆ ಕಣಪ್ಪ.”

“ಬೇರೆಯವರ ಮಕ್ಕಳಾದ್ರೆ ನಾನೂ ಹಂಗೇ ಹೇಳ್ತೀನಕ್ಕ.”

ಅವಳು ಇಳಿದ ಮೇಲೆ ನನ್ನ ಕಡೆ ತಿರುಗದೆಯೇ ಹೇಳಿದ: “ಅತ್ತೆ, ಮುಖದ ಮೇಲೆ ಬಟ್ಟೆ ಎಳೆದವರನ್ನೂ ಇದರಲ್ಲೇ ಇಳಿಸಿದೀನಿ. ಅದು ತಲೆಯಿಂದ ಹೋಗ್ತಾ ಇಲ್ಲ.”

“ಥೂ, ಬಿಡ್ತು ಅನ್ನು!”

“ಬಿಡ್ತು” ಅಂದ, ಶಾಲೆ ಹುಡುಗನ ಹಾಗೆ.

ಮುಕ್ಕಾಲು ಗಂಟೆ ಅಂದದ್ದು ಒಂದೂವರೆ ಗಂಟೆಯಾಯಿತು. ಅವನ ಅಂಗಿಯ ಬೆನ್ನು ಒದ್ದೆಯಾಗಿ ಅಂಟಿಕೊಂಡಿತ್ತು. ನಾಲ್ಕನೇ ಮಹಡಿಯಿಂದ ಒಬ್ಬ ತುಂಬು ಗರ್ಭಿಣಿಯನ್ನು ಮಂಚದ ಸಮೇತ ಹತ್ತಿಸಿದರು. ಹೆರಿಗೆ ಕೋಣೆ ಇರುವುದು ಕೆಳಗಡೆ. ಮೂರನೇ ಮಹಡಿ ಬರುವಾಗ ಥಿಯೇಟರಿನ ನರ್ಸಮ್ಮ ಹೊರಗಿನಿಂದ ಜಾಲರಿ ಬಡಿದು ನಿಲ್ಲಿಸಿದರು.

“ಪೈಲಟ್, ನಿನ್ನ ಮಗಳಿಗೆ ಎಚ್ಚರ ಆಗ್ತಿದೆ. ಇನ್ನೊಂದು ಕಡೆನೂ ಗಂಟಿತ್ತು, ಅದಕ್ಕೇ ತಡ. ಚೆನ್ನಾಗಿದಾಳೆ, ಬೇಗ ಬಾ.”

ಅವನು ಜಾಲರಿ ಸರಿಸಿ ಒಂದು ಕಾಲು ಹೊರಗಿಟ್ಟ. ಹಿಂದೆ ಗರ್ಭಿಣಿ ಚೀರಿದಳು. ಅವಳ ತಾಯಿ ಇವನ ಅಂಗಿ ಹಿಡಿದು, “ಅಣ್ಣಾ, ಕೈ ಮುಗೀತೀನಿ, ಮೊದ್ಲು ಇವಳನ್ನ ಇಳಿಸ್ಬಿಡಣ್ಣ” ಅಂದಳು.

ಹೊರಗಿಟ್ಟ ಕಾಲನ್ನು ಒಳಗೆ ತೆಗೆದುಕೊಂಡ. “ನೀವು ಹೋಗಿ, ಅತ್ತೆ.”

ನಾನು ಒಳಗೆ ಹೋಗುವಷ್ಟರಲ್ಲಿ ಮಗು ಕಣ್ಣು ಬಿಟ್ಟಿತ್ತು. “ಅಪ್ಪಾ!” ಅಂತ ಗಂಟಲು ಹರಿಯುವಂತೆ ಕೂಗಿದಳು. ಇನ್ನೊಮ್ಮೆ ಕೂಗಿದಳು. ಆಮೇಲೆ ನನ್ನನ್ನು ನೋಡಿ, “ನೀನಲ್ಲ” ಅಂತ ಗೋಡೆಯ ಕಡೆ ಮುಖ ತಿರುಗಿಸಿದಳು.

ಅವನು ವಾಪಸು ಬಂದಾಗ ಅಳು ನಿಂತಿತ್ತು. ಎರಡನೇ ಮಹಡಿಯ ವಾರ್ಡಿಗೆ ಅವಳನ್ನು ಇಳಿಸಬೇಕಿತ್ತು. ಲಿಫ್ಟಿನಲ್ಲಿ ಅವಳು ಅವನ ಕಡೆ ನೋಡಲಿಲ್ಲ.

“ನೋವಿದೆಯಾ, ಚಿನ್ನ?”

“ನಾನು ಎರಡು ಸಲ ಕರೆದೆ.”

ಕೇಳಿಸಲಿಲ್ಲ ಅಂದಿದ್ದರೆ ಮುಗಿಯುತ್ತಿತ್ತು. ನಾನು ಕಣ್ಸನ್ನೆ ಕೂಡ ಮಾಡಿದೆ. ನನ್ನ ಅಳಿಯನಿಗೆ ಅಂಥ ಜಾಣತನವಿಲ್ಲ.

“ಕೇಳಿಸ್ತು ಕಣೇ. ಕೆಳಗಿನವರೆಗೂ ಕೇಳಿಸ್ತು.”

“ಮತ್ತೆ?”

ಅಷ್ಟರಲ್ಲಿ ಎರಡನೇ ಮಹಡಿ ಬಂತು, ಮೇಲಿನಿಂದ ಯಾರೋ ಗಂಟೆ ಹೊಡೆದರು. ಅವನು ಬಗ್ಗಿ ಅವಳ ಹಣೆ ಮುಟ್ಟಿದ, ಮಂಚ ಹೊರಗೆ ತಳ್ಳಿದ. ವಾರ್ಡಿನ ಗಡಿಯಾರದಲ್ಲಿ ಹನ್ನೊಂದೂಕಾಲು. ಅವನ ಡ್ಯೂಟಿ ಮುಗಿಯುವುದು ಎರಡಕ್ಕೆ.

“ಹೋಗಿ ಬರ್ತೀನಿ” ಅಂದ, ಜಾಲರಿ ಎಳೆಯುತ್ತ. ಎಷ್ಟೊತ್ತಿಗೆ ಅಂತ ಮಾತ್ರ ಈ ಸಲ ಮಾತು ಕೊಡಲಿಲ್ಲ.