ಇಪ್ಪತ್ತನಾಲ್ಕನೆಯ ಸಾಲು

ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವನು ಪರದೆ ಮೇಷ್ಟ್ರು. ಔಷಧಿ ಕೊಡುವ ಕಿಟಕಿ, ಪ್ರಯೋಗಾಲಯ, ರಕ್ತನಿಧಿ, ಎಲ್ಲೆಲ್ಲಿ ಕಂಪ್ಯೂಟರ್ ಇತ್ತೋ ಅಲ್ಲೆಲ್ಲ ಅವನು ಬರೆದ ಪ್ರೋಗ್ರಾಮೇ ಓಡುತ್ತಿತ್ತು. ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರ. ಚಿತ್ರವಿಲ್ಲ, ಮೌಸ್ ಇಲ್ಲ, ಏನಿದ್ದರೂ ಕೀಬೋರ್ಡು. ಅಡ್ಡಕ್ಕೆ ಎಂಬತ್ತು ಅಕ್ಷರ, ಉದ್ದಕ್ಕೆ ಇಪ್ಪತ್ತನಾಲ್ಕು ಸಾಲು. ಅಷ್ಟರೊಳಗೆ ಇಡೀ ಆಸ್ಪತ್ರೆಯ ಸಂಸಾರ ಹಿಡಿಸಬೇಕು. ಯಾವ ಮಾತು ಯಾವ ಸಾಲಿನ ಎಷ್ಟನೆಯ ಮನೆಯಲ್ಲಿ ಕೂರಬೇಕು ಎಂಬುದನ್ನು ಅವನು ಮೊದಲು ಚೌಕುಳಿ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಆಮೇಲಷ್ಟೇ ಪ್ರೋಗ್ರಾಮಿಗೆ ಕೈಹಾಕುತ್ತಿದ್ದ. ಹೊಸದಾಗಿ ಕೆಲಸಕ್ಕೆ ಬಂದವರು ಪರದೆ ನೋಡಿ ಮೂಗು ಮುರಿಯುತ್ತಿದ್ದರು. ತಿಂಗಳು ತುಂಬುವುದರೊಳಗೆ ಅವರ ಬೆರಳಿಗೇ ದಾರಿ ಗೊತ್ತಾಗಿ, ಫೋನಿನಲ್ಲಿ ಮಾತಾಡುತ್ತಲೇ ಕೆಲಸ ಮುಗಿಸುತ್ತಿದ್ದರು.

ರಕ್ತನಿಧಿಯ ಕೌಂಟರಿನಲ್ಲಿ ಕೂರುತ್ತಿದ್ದವಳು ಅವನ ಅಕ್ಕ. ಆರು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಒಂಬತ್ತು. ಅಲ್ಲಿಂದ ಮುಂದೆ ಅವನ ಬೆನ್ನು ಉಜ್ಜಿದವಳೂ ಅವಳೇ, ಬೆನ್ನಿಗೆ ಗುದ್ದಿದವಳೂ ಅವಳೇ. ಟೈಪಿಂಗ್ ಕಲಿಸಿದ್ದೂ ಅವಳೇ; ತಪ್ಪು ಬೆರಳು ಇಟ್ಟರೆ ಅಡಿಕೋಲಿನಿಂದ ಗಣ್ಣಿಗೆ ಬೀಳುತ್ತಿತ್ತು. ಮದುವೆ ಬೇಡವೆಂದು ತಮ್ಮನ ಮನೆಯಲ್ಲೇ ಉಳಿದಳು. "ಒಂದು ಮಗೂನ ಸಾಕಿ ಸಾಕಾಗಿದೆ, ಅದೂ ಇಂಥದ್ದು" ಎಂದು ಅವನ ಹೆಂಡತಿಯ ಮುಂದೆ ನಗುತ್ತಿದ್ದಳು.

ನಲವತ್ತು ದಾಟಿದ ಮೇಲೆ ಅಕ್ಕ ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳತೊಡಗಿದಳು. ಪಕ್ಕದಲ್ಲೇ ಇಟ್ಟ ಲೋಟ ತಟ್ಟಿ ಬೀಳಿಸುತ್ತಿದ್ದಳು. ಎದುರಿಗಿದ್ದ ಸೂಜಿಗೆ ಮಾತ್ರ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದಳು. ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ ಹೇಳಿದರು: ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತಿದೆ, ಕೊಳವೆಯೊಳಗಿಂದ ನೋಡಿದ ಹಾಗೆ. ನಿಧಾನಕ್ಕೆ ಕೊಳವೆ ಸಣ್ಣದಾಗುತ್ತದೆ. ಔಷಧಿ ಇಲ್ಲ.

"ಆಫೀಸಿನಲ್ಲಿ ಬಾಯಿ ಬಿಟ್ಟೀಯ, ಜೋಕೆ" ಎಂದಳು ದಾರಿಯಲ್ಲಿ. "ಕುರುಡಿ ಅಂತ ಗೊತ್ತಾದ್ರೆ ನಾಳೆನೇ ಮನೆಗೆ ಕಳಿಸ್ತಾರೆ."

ಅವನು ಬಾಯಿ ಬಿಡಲಿಲ್ಲ. ಒಂದು ವಾರ ಕೂತು ಅಕ್ಕನಿಗೆಂದೇ ದೊಡ್ಡ ದೊಡ್ಡ ಅಕ್ಷರಗಳ ಪರದೆ ಮಾಡಿಕೊಟ್ಟ. ಅವಳು ನೋಡಿ ನಕ್ಕುಬಿಟ್ಟಳು.

"ಇದೇನೋ ದಡ್ಡ, ಅಕ್ಷರದ ಕಾಲು ಕಂಡ್ರೆ ತಲೆ ಕಾಣಲ್ಲ, ತಲೆ ಕಂಡ್ರೆ ಕಾಲು ಕಾಣಲ್ಲ. ನನಗೆ ದೊಡ್ಡದು ಬೇಡ ಕಣೋ. ಎಲ್ಲಾನೂ ಒಂದು ಕಡೆ ತಂದಿಡು."

ಆಗ ಅವನಿಗೆ ಹೊಳೆಯಿತು. ಅವಳ ಗುರುತಿನ ಸಂಖ್ಯೆ ಒತ್ತಿದರೆ ಮಾತ್ರ ಬೇರೆಯೇ ಒಂದು ಪರದೆ ತೆರೆಯುವಂತೆ ಮಾಡಿದ. ಉಳಿದವರಿಗೆ ಮೂಲೆ ಮೂಲೆಗೆ ಹರಡಿದ್ದೆಲ್ಲ ಅವಳಿಗೆ ನಡುಮಧ್ಯದ ಸಣ್ಣ ಚೌಕದೊಳಗೆ ಬಂದು ಕೂತಿತು: ರಕ್ತದ ಗುಂಪು, ಚೀಲದ ಸಂಖ್ಯೆ, ವಾರ್ಡು. ಪರದೆ ಮಿಣುಕಿದರೆ ಅವಳ ಕಣ್ಣು ನೋಯುತ್ತಿತ್ತು, ಅದಕ್ಕಾಗಿ ಬದಲಾದ ಅಕ್ಷರವನ್ನಷ್ಟೇ ಮತ್ತೆ ಬರೆಯುವಂತೆ ಪ್ರೋಗ್ರಾಮನ್ನು ತಿದ್ದಿದ.

ಚೌಕ ಎಷ್ಟು ಅಗಲವಿರಬೇಕೆಂದು ತಿಳಿಯಲು ಮನೆಯ ಕಂಪ್ಯೂಟರಿನಲ್ಲಿ ಒಂದು ಪುಟ್ಟ ಪರೀಕ್ಷೆ ಬರೆದಿಟ್ಟ. ವರ್ಷಕ್ಕೊಮ್ಮೆ, ಭಾನುವಾರ ಮಧ್ಯಾಹ್ನ, ಅಕ್ಕ ಪರದೆಯ ನಡುವೆ ಕಣ್ಣು ನೆಟ್ಟು ಕೂರುತ್ತಿದ್ದಳು. ನಡುವಿನಿಂದ ಒಂದು ಚುಕ್ಕೆ ಮನೆಯಿಂದ ಮನೆಗೆ ಬಲಕ್ಕೆ ಸರಿಯುತ್ತಿತ್ತು. ಕಾಣದಾದ ಕ್ಷಣ ಅವಳು ಕೀಲಿ ಒತ್ತಿ "ಹೋಯ್ತು" ಎನ್ನುತ್ತಿದ್ದಳು. ಮೊದಲ ವರ್ಷ ಇಪ್ಪತ್ತಮೂರನೆಯ ಮನೆಯಲ್ಲಿ ಹೋಯಿತು. ಆಮೇಲೆ ಇಪ್ಪತ್ತು. ಹದಿನೇಳು. ಹನ್ನೆರಡು. ಹನ್ನೊಂದನೆಯ ವರ್ಷ ಎಂಟಕ್ಕೆ ಬಂದು ನಿಂತಿತು. ಪ್ರತಿ ಸಲವೂ ಮಾರನೆಯ ದಿನ ಅವನು ಚೌಕವನ್ನು ಅಷ್ಟು ಒಳಕ್ಕೆ ಎಳೆಯುತ್ತಿದ್ದ. ದರ್ಜಿ ಅಂಗಿ ಸಣ್ಣ ಮಾಡಿದ ಹಾಗೆ ಸುಲಭವಾಗಿಯೇ ಆಗುತ್ತಿತ್ತು ಕೆಲಸ.

ಆ ಹನ್ನೊಂದು ವರ್ಷ ಅಕ್ಕನ ಕೈಯಿಂದ ಒಂದು ಚೀಲವೂ ತಪ್ಪಿ ಹೋಗಲಿಲ್ಲ. ಚೀಲದ ಮೇಲಿನ ಚೀಟಿಯನ್ನು ಮೂಗಿನ ನೇರಕ್ಕೆ ಹಿಡಿದು, ಸಂಖ್ಯೆಯನ್ನು ಗಟ್ಟಿಯಾಗಿ ಓದಿ, ಪರದೆಗೆ ಹೋಲಿಸಿ ಕೊಡುತ್ತಿದ್ದಳು. ಅವಳದು ಅತಿ ಜಾಗ್ರತೆ ಎಂದು ನರ್ಸುಗಳು ತಮಾಷೆ ಮಾಡುತ್ತಿದ್ದರು.

ಹನ್ನೆರಡನೆಯ ವರ್ಷ ರಕ್ತನಿಧಿಗೆ ಹೊಸ ಮುಖ್ಯಸ್ಥೆ ಬಂದರು. ಬಹಳ ಚುರುಕಿನ ಡಾಕ್ಟರು. ಅವಧಿ ಮೀರಿದ ಚೀಲದ ಸಂಖ್ಯೆ ಒತ್ತಿದರೆ ಪರದೆಯ ಮೇಲೆ ಎಚ್ಚರಿಕೆ ಬರಲೇಬೇಕು ಎಂದರು. ಒಳ್ಳೆಯ ಮಾತೇ. ಅವನು ಎಲ್ಲರ ಪರದೆಯ ಕಟ್ಟಕಡೆಯಲ್ಲಿ, ಇಪ್ಪತ್ತನಾಲ್ಕನೆಯ ಸಾಲಿನಲ್ಲಿ, ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಮೂಡುವಂತೆ ಬರೆದ. ಅಕ್ಕನ ಪರದೆಯಲ್ಲಿ ಅದನ್ನು ಚೌಕದೊಳಗೆ ತರಬೇಕಿತ್ತು. ನಾಳೆ ಮಾಡೋಣ ಎಂದುಕೊಂಡ. ನಾಳೆ ಪ್ರಯೋಗಾಲಯದ ಮುದ್ರಣಯಂತ್ರ ಕೆಟ್ಟಿತು. ನಾಡಿದ್ದು ಇನ್ನೇನೋ ಬಂತು. ಅವನು ಮರೆತ.

ಮೂರನೆಯ ವಾರ, ಒಂದು ಗುರುವಾರ ಮಧ್ಯಾಹ್ನ, ಶಸ್ತ್ರಚಿಕಿತ್ಸೆಯ ಕೋಣೆಯಿಂದ ತುರ್ತು ಕರೆ ಬಂತು. ಅಕ್ಕ ಗುಂಪು ನೋಡಿದಳು, ಸಂಖ್ಯೆ ನೋಡಿದಳು, ಎರಡೂ ಸರಿ ಇದ್ದವು. ಅವಧಿ ಮೀರಿದ ಚೀಲಗಳನ್ನು ಬೆಳಗ್ಗೆಯೇ ಬೇರೆ ಮಾಡಿರುತ್ತಾರೆಂಬ ನಂಬಿಕೆಯ ಮೇಲೆ ಚೀಲ ಕೊಟ್ಟಳು. ಅದು ಹಿಂದಿನ ದಿನವೇ ಅವಧಿ ಮುಗಿದ ಚೀಲ. ಯಾರೋ ಬೇರೆ ಮಾಡಲು ಮರೆತಿದ್ದರು. ರೋಗಿಯ ಪುಣ್ಯ, ಅಲ್ಲಿದ್ದ ನರ್ಸು ಚೀಟಿಯ ಮೇಲಿನ ತಾರೀಕು ಓದಿ ಚೀಲವನ್ನು ಹಿಂದಕ್ಕೆ ಕಳಿಸಿದಳು.

ಸಂಜೆಯ ಹೊತ್ತಿಗೆ ಡಾಕ್ಟರು ಅಕ್ಕ ತಮ್ಮ ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಕಂಪ್ಯೂಟರಿನ ದಾಖಲೆ ಇತ್ತು: ಮೂರು ಗಂಟೆ ಹತ್ತು ನಿಮಿಷಕ್ಕೆ ಎಚ್ಚರಿಕೆ ತೋರಿಸಲಾಗಿದೆ. ಪ್ರೋಗ್ರಾಮು ಸುಳ್ಳು ಹೇಳಿರಲಿಲ್ಲ. ತೋರಿಸಿತ್ತು. ಅಕ್ಕನ ಚೌಕದಿಂದ ಒಂಬತ್ತು ಸಾಲು ಕೆಳಗೆ, ಅವಳ ಪಾಲಿಗೆ ಇಲ್ಲವೇ ಇಲ್ಲದ ಜಾಗದಲ್ಲಿ.

"ಎಚ್ಚರಿಕೆ ಬಂದಿತ್ತಲ್ಲಮ್ಮ, ನೋಡ್ಲಿಲ್ವಾ?" ಎಂದು ಡಾಕ್ಟರು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿಬಿಟ್ಟಳು. "ಬಂದಿತ್ತು ಮೇಡಂ. ಗಡಿಬಿಡೀಲಿ ಗಮನ ಕೊಡ್ಲಿಲ್ಲ. ತಪ್ಪು ನಂದೇ."

ಅವನು ನಿಂತೇ ಇದ್ದ. ಹೇಳಬಹುದಿತ್ತು, ಒಂದೇ ಮಾತು ಸಾಕಿತ್ತು. ಹೇಳಲಿಲ್ಲ.

ಹೊರಗೆ ಬಂದ ಮೇಲೆ ಮೆಟ್ಟಿಲ ಬಳಿ ಅಕ್ಕ ಅವನ ತೋಳು ಹಿಡಿದಳು. "ಯಾರನ್ನೂ ಕೇಳದೆ ಬೇರೆ ಪರದೆ ಮಾಡಿಕೊಟ್ಟಿದ್ದೀಯ. ಅದು ಹೊರಗೆ ಬಂದ್ರೆ ನಿನ್ನ ಕೆಲಸಾನೂ ಹೋಗುತ್ತೆ. ಇಬ್ರೂ ಮುಳುಗೋದು ಯಾಕೆ? ಒಬ್ರು ಸಾಕು. ಬಾಯಿ ಮುಚ್ಕೊಂಡಿರು."

ಆದರೆ ತಪ್ಪೊಪ್ಪಿಗೆಯಿಂದ ಅದು ಮುಗಿಯಲಿಲ್ಲ. ಇಂಥ ತಪ್ಪಾದರೆ ವೈದ್ಯಕೀಯ ತಪಾಸಣೆ ಆಗಬೇಕೆಂಬ ನಿಯಮವಿತ್ತು; ಅದರಂತೆ ಅವಳಿಗೆ ಕಣ್ಣಿನ ಪರೀಕ್ಷೆಯನ್ನೂ ಮಾಡಿಸಿದರು. ಕಣ್ಣಿನ ವಿಷಯ ಬಯಲಾಯಿತು. ಕಾಣದ ಕಣ್ಣಿಟ್ಟುಕೊಂಡು ಇಷ್ಟು ವರ್ಷ ಜನರ ಪ್ರಾಣದ ಜೊತೆ ಆಟವಾಡಿದಳು ಎಂದು ಆಸ್ಪತ್ರೆ ತುಂಬ ಗುಲ್ಲೆದ್ದಿತು. ಅವಳ ಜಾಗ್ರತೆಯನ್ನು ತಮಾಷೆ ಮಾಡಿದ್ದ ನರ್ಸುಗಳೇ ಈಗ ಎದುರಿಗೆ ಬಂದರೆ ದಾರಿ ಬದಲಿಸುತ್ತಿದ್ದರು. ಅನಾರೋಗ್ಯದ ಕಾರಣಕ್ಕೆ ನಿವೃತ್ತಿ ಎಂದು ಒಂದು ಕಾಗದ ಬಂತು. ಅದನ್ನು ಅವಳು ಮೂಗಿನ ನೇರಕ್ಕೆ ಹಿಡಿದು ಎರಡು ಸಲ ಓದಿ, ಮಡಿಸಿ, ಕಪಾಟಿನಲ್ಲಿಟ್ಟಳು.

ಎಂಟು ದಿನ ಅವನಿಗೆ ಅನ್ನ ಇಳಿಯಲಿಲ್ಲ. ಒಂಬತ್ತನೆಯ ದಿನ ಪ್ರೋಗ್ರಾಮಿನ ಹಾಳೆಗಳನ್ನು ಮುದ್ರಿಸಿಕೊಂಡು ಡಾಕ್ಟರ ಮುಂದೆ ಇಟ್ಟ. ಎಚ್ಚರಿಕೆ ಬರೆದ ಸಾಲಿನ ಮೇಲೆ ಬೆರಳಿಟ್ಟು, ತಾನು ಮರೆತದ್ದನ್ನು ಹೇಳಿದ. ಬೇರೆ ಪರದೆಯ ವಿಷಯವನ್ನೂ ಹೇಳಿದ. ಡಾಕ್ಟರು ಹಾಳೆ ನೋಡಿದರು, ಅವನನ್ನು ನೋಡಿದರು.

"ಆವತ್ತೇ ಯಾಕೆ ಹೇಳ್ಲಿಲ್ಲ?"

ಅವನು ಹಾಳೆಗಳನ್ನು ಒಟ್ಟುಮಾಡಿ ಅವರ ಕಡೆಗೆ ಸರಿಸಿದ.

ಡಾಕ್ಟರು ಕೆಟ್ಟವರಲ್ಲ. ತಪ್ಪು ಬರೀ ಅವಳದಲ್ಲ ಎಂದು ಅಕ್ಕನ ಕಡತಕ್ಕೆ ಒಂದು ಟಿಪ್ಪಣಿ ಸೇರಿಸಿದರು. ಆದರೆ ಕಣ್ಣಿನ ನಿಯಮ ಟಿಪ್ಪಣಿಗೆ ಬಗ್ಗುವಂಥದ್ದಲ್ಲ. ಅವನನ್ನು ಉಗ್ರಾಣಕ್ಕೆ ಹಾಕಿದರು. ಹಾಸಿಗೆ, ಬಕೆಟ್ಟು, ಬಟ್ಟೆಗಳ ಲೆಕ್ಕದ ಪರದೆ ನೋಡಿಕೊಳ್ಳುವ ಕೆಲಸ.

ವಿಷಯ ತಿಳಿದು ಅಕ್ಕ ಕೆಂಡವಾದಳು. "ನಾನು ಮರ್ಯಾದೆ ಬಿಟ್ಟು ಮುಚ್ಚಿದ್ದನ್ನ ನೀನು ಹೋಗಿ ಬಿಚ್ಚಿದೆಯಾ? ಮಾತಾಡೋ ಹೊತ್ತಲ್ಲಿ ಸುಮ್ಮನಿದ್ದೆ, ಸುಮ್ಮನಿರೋ ಹೊತ್ತಲ್ಲಿ ಮಾತಾಡಿದೆ. ನಂದು ನಷ್ಟ ಆಯ್ತು, ನಿಂದೂ ಆಯ್ತು."

ಅವತ್ತಿನಿಂದ ಅವಳು ತಮ್ಮನ ಜೊತೆ ಮಾತು ಬಿಟ್ಟಳು. ಒಂದೇ ಸೂರು, ಒಂದೇ ಒಲೆ. ಅವನು ಎದುರಿಗೇ ಕೂತಿದ್ದರೂ "ನಿನ್ನ ಗಂಡನಿಗೆ ಹೇಳು, ನಲ್ಲಿ ಸೋರ್ತಿದೆ" ಎಂದು ಅವನ ಹೆಂಡತಿಗೆ ಹೇಳುವಳು. ಅವನು ಎದ್ದು ನಲ್ಲಿ ಸರಿಮಾಡಿ, "ಅಕ್ಕನಿಗೆ ಹೇಳು, ಸರಿಹೋಯ್ತು" ಎನ್ನುವನು. ನಡುವೆ ಸಿಕ್ಕಿದ ಹೆಂಡತಿ ಒಮ್ಮೆ ಸಿಡುಕಿದಳು. "ಅತ್ತಿಗೆ, ನಾನೇನು ಅಂಚೆಪೇದೆಯಾ?" ಅಕ್ಕ ನಕ್ಕಳು, ಆದರೆ ತಮ್ಮನ ಜೊತೆ ಮಾತಾಡಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು. ಆ ಹೊತ್ತಿಗೆ ಅವಳಿಗೆ ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಬೆಳಕು ಮಾತ್ರ ಉಳಿದಿತ್ತು.

ಒಂದು ದಿನ ಆಸ್ಪತ್ರೆಗೆ ಹೊಸ ಪ್ರೋಗ್ರಾಮು ಬಂತು. ಬಣ್ಣಬಣ್ಣದ ಗುಂಡಿ, ಚಿತ್ರ, ಮೌಸ್. ಅವನ ಪರದೆಗಳನ್ನೆಲ್ಲ ಒಂದೇ ಬೆಳಗ್ಗೆ ತೆಗೆದುಹಾಕಿದರು. ಅವನು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದದ್ದು ಒಳಕೋಣೆಯಲ್ಲಿದ್ದ ಅಕ್ಕನ ಕಿವಿಗೆ ಬಿತ್ತು. ಗೋಡೆ ಸವರಿಕೊಂಡು ಹೊರಗೆ ಬಂದು, ಅವನ ದನಿ ಬಂದ ಕಡೆ ತಿರುಗಿ ನಿಂತಳು.

"ಏನೋ, ಆ ಕೆಂಪು ಸಾಲಿನಲ್ಲಿ ಏನಂತ ಬರ್ದಿದ್ದೆ?"

ಅವಳು ಅದನ್ನು ಒಮ್ಮೆಯೂ ನೋಡಿರಲಿಲ್ಲ ಎಂಬುದು ಅವನಿಗೆ ಆಗ ನೆನಪಾಯಿತು.

"ಅವಧಿ ಮುಗಿದಿದೆ, ಕೊಡಬೇಡಿ. ಅಷ್ಟೇ ಅಕ್ಕಾ."

"ಸರಿಯಾಗೇ ಬರ್ದಿದ್ದೆ" ಎಂದಳು. "ಕಂಡಿದ್ರೆ ಕೊಡ್ತಿರ್ಲಿಲ್ಲ ಕಣೋ." ಅವನು ಎದ್ದು ಹೋಗಿ ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಅಕ್ಕ ನಾಲ್ಕು ವರ್ಷ ಬದುಕಿದ್ದಳು. ದಿನಾ ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವನು ಅವಳಿಗೆ ಪತ್ರಿಕೆ ಓದುತ್ತಿದ್ದ. ಅವಸರದಲ್ಲಿ ಸಾಲು ಹಾರಿಸಿದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು. "ಏನೋ ಬಿಟ್ಟೆ, ಹಿಂದಕ್ಕೆ ಹೋಗು" ಎನ್ನುತ್ತಿದ್ದಳು. ಅವನು ಹಿಂದಕ್ಕೆ ಹೋಗಿ ಮತ್ತೆ ಓದುತ್ತಿದ್ದ.