ಆರನೆಯ ನಂಬರಿನ ರಾತ್ರಿ ಪಾಳಿ

ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ, ಕಾಲುವೆ ನೀರು ಬಳಸುವ ರೈತರ ಸಂಘಕ್ಕೆ ನಾನು ಗುಮಾಸ್ತೆ; ಊರಿಗೆಲ್ಲ ‘ಬಾಯಾರು’. ಯಾರ ಹೊಲಕ್ಕೆ ಯಾವಾಗ ನೀರು ಎಂಬ ಪಟ್ಟಿ ಮಾಡುವುದು ನನ್ನ ಕೆಲಸ. ಮೂರನೆಯ ತೂಬಿನ ಕೆಳಗೆ ಹದಿನಾಲ್ಕು ಮಂದಿ ರೈತರು. ವಾರಕ್ಕೆ ಏಳು ಹಗಲು, ಏಳು ರಾತ್ರಿ, ಒಬ್ಬೊಬ್ಬರಿಗೆ ಒಂದು ಪಾಳಿ. ನಂಬರಿನ ಪ್ರಕಾರ ಸೋಮವಾರ ಹಗಲು ಒಬ್ಬರು, ರಾತ್ರಿ ಅವರ ಮುಂದಿನ ನಂಬರಿನವರು, ಹೀಗೆ ಸಾಲಾಗಿ. ಈ ವಾರ ಹಗಲು ನೀರು ಹಾಯಿಸಿದವರಿಗೆ ಮುಂದಿನ ವಾರ ರಾತ್ರಿ ಬರಬೇಕು. ಅದಕ್ಕೆ ಪಟ್ಟಿ ವಾರವಾರವೂ ಒಬ್ಬರಷ್ಟು ಮುಂದೆ ಸರಿಯಬೇಕು.

ಮೊದಲು ಕೈಯಲ್ಲೇ ಬರೆಯುತ್ತಿದ್ದೆ. ಸಂಘದ ಅಧ್ಯಕ್ಷರ ಅಳಿಯ ಬೈಲಹೊಂಗಲದಲ್ಲಿ ಕಂಪ್ಯೂಟರ್ ಮೇಷ್ಟ್ರು. ಅವರೇ ಎಕ್ಸೆಲ್ ಶೀಟಿನಲ್ಲಿ ಒಂದು ಮ್ಯಾಕ್ರೊ, ಅಂದರೆ ಪಟ್ಟಿಯನ್ನು ತಾನೇ ಹಾಕುವ ಪುಟ್ಟ ಪ್ರೋಗ್ರಾಂ, ಬರೆದುಕೊಟ್ಟರು. ಬಟನ್ ಒತ್ತಿದರೆ, ಎಷ್ಟನೆಯ ನಂಬರಿನ ರೈತನಿಂದ ಶುರು ಎಂದು ಕೇಳುತ್ತಿತ್ತು. ಅಂಕಿ ಕೊಟ್ಟರೆ ನಾಲ್ಕು ವಾರದ ಪಟ್ಟಿ ತಯಾರು. ಮುಂದಿನ ತಿಂಗಳು ಯಾವ ಅಂಕಿ ಕೊಡಬೇಕೆಂಬುದನ್ನೂ ಅದೇ ಕೆಳಗೆ ತೋರಿಸುತ್ತಿತ್ತು. ನಾನು ಕಣ್ಣುಮುಚ್ಚಿ ಅದನ್ನೇ ತುಂಬುತ್ತಿದ್ದೆ.

ಮೂರು ತಿಂಗಳಾದ ಮೇಲೆ ಆರನೆಯ ನಂಬರಿನ ಹೆಣ್ಣುಮಗಳು ಆಫೀಸಿಗೆ ಬಂದಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹೊಲ ನೋಡಿಕೊಳ್ಳುತ್ತಿದ್ದಳು. ಗೋಡೆಯ ಕ್ಯಾಲೆಂಡರನ್ನೇ ಸುರುಳಿ ಸುತ್ತಿ ತಂದಿದ್ದಳು.

“ಬಾಯಾರ, ಒಂದ ಸಲನೂ ನನಗ ಹಗಲಪಾಳಿ ಬಂದಿಲ್ಲ.”

“ಪಾಳಿ ಬದಲಾಗಾಕ ಹತ್ತೈತಲ್ಲವಾ.”

“ವಾರ ಬದಲಾಗತೈತಿ. ಬುಧವಾರ ರಾತ್ರಿ, ಮಂಗಳವಾರ ರಾತ್ರಿ, ಸೋಮವಾರ ರಾತ್ರಿ. ಅಧ್ಯಕ್ಷರಿಗೆ ಒಂದರ ರಾತ್ರಿ ಬಂದೈತೇನು? ಲಿಸ್ಟ್ ಮಾಡೂವರು ನೀವ ಅಲ್ರಿ?”

ಆ ಕೊನೆಯ ಮಾತು ನನಗೆ ನಾಟಿತು. ಆಕೆ ಹೋದ ಮೇಲೆ ಹಳೆಯ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದೆ. ಬೆಸ ನಂಬರಿನವರಿಗೆಲ್ಲ ಹಗಲು, ಸಮ ನಂಬರಿನವರಿಗೆಲ್ಲ ರಾತ್ರಿ. ಒಂದು ವಾರವೂ ತಪ್ಪಿಲ್ಲ. ಅಧ್ಯಕ್ಷರದು ಒಂದನೆಯ ನಂಬರು. ಮಾವನ ಅನುಕೂಲ ನೋಡಿಯೇ ಅಳಿಯ ಮ್ಯಾಕ್ರೊ ಬರೆದಿದ್ದಾರೆ ಎಂದುಕೊಂಡೆ.

ಅಷ್ಟರಲ್ಲಿ ಅಧ್ಯಕ್ಷರೇ ಒಳಗೆ ಬಂದರು. “ಆಕಿ ಯಾಕ ಬಂದಿದ್ಲು?”

ಹಾಳೆಗಳ ಮೇಲೆ ರಿಜಿಸ್ಟರ್ ಎಳೆದುಕೊಂಡೆ. “ಅರ್ಜಿ ಕೇಳಾಕ ಬಂದಿದ್ಲರಿ.”

ಅವರು ರಿಜಿಸ್ಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಹೊರಟುಹೋದರು. ಏನಾದರೂ ಗೊತ್ತಾಗಿರಬಹುದೇ ಎಂದು ಆ ದಿನವೆಲ್ಲ ಅದೇ ಯೋಚನೆ.

ಭಾನುವಾರ ಪೆನ್‌ಡ್ರೈವ್ ತೆಗೆದುಕೊಂಡು ಬೈಲಹೊಂಗಲದ ಬಸ್ಸು ಹತ್ತಿದೆ. ಮಾತಿಗಿಂತ ಮೇಷ್ಟ್ರ ಮುಖದ ಮೇಲೆ ಕಣ್ಣಿಡಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಪಟ್ಟಿಯನ್ನು ಅವರ ಮುಂದಿಟ್ಟು, ಯಾರಿಗೆ ಏನಾಗುತ್ತಿದೆ ಎಂದಷ್ಟೇ ಹೇಳಿದೆ. ಅವರು ಮ್ಯಾಕ್ರೊ ತೆರೆದರು. ಎರಡು ಪುಟದಷ್ಟು ಬರಹ. ಮೇಲಿನಿಂದ ಓದಲೇ ಇಲ್ಲ. ನೇರವಾಗಿ ಒಂದು ಸಾಲಿಗೆ ಹೋಗಿ ನಿಂತರು.

“ಇಲ್ಲೇ ತಪ್ಪೈತ್ರಿ. ಇದರಾಗ ದೊಡ್ಡದೊಂದು, ಸಣ್ಣದೊಂದು ಮ್ಯಾಕ್ರೊ ಅದಾವ. ಒಂದ ವಾರದ ಲಿಸ್ಟ್ ಮಾಡು ಅಂತ ದೊಡ್ಡ ಮ್ಯಾಕ್ರೊ ಸಣ್ಣ ಮ್ಯಾಕ್ರೊಕ್ಕ ಈ ಶುರುವಿನ ಅಂಕಿ ಕೊಡತೈತಿ. ಝೆರಾಕ್ಸ್ ಕೊಟ್ಟಂಗ ಕೊಡಬೇಕಾಗಿತ್ತು, ಒರಿಜಿನಲ್ಲೇ ಕೊಟ್ಟಬಿಟ್ಟೇನಿ. ಸಣ್ಣದು ತನ್ನ ಲೆಕ್ಕಕ್ಕ ಅದಕ್ಕ ಒಂದ ಕೂಡಸತೈತಿ. ಆಮ್ಯಾಲ ದೊಡ್ಡದು ಮತ್ತೊಂದ ಕೂಡಸತೈತಿ.”

“ಅಂದ್ರ ವಾರಕ್ಕ ಎರಡ ಮುಂದ ಹೋಗತೈತಿ.”

“ಹೌದ್ರಿ. ಅದಕ್ಕ ಬೆಸದವ್ರು ಬೆಸದಾಗ, ಸಮದವ್ರು ಸಮದಾಗ ಉಳದಾರ.”

ಅಂಕಿಯ ಹೆಸರಿಗೆ ಮೊದಲು ‘ಬೈವ್ಯಾಲ್’ ಎಂಬ ಒಂದೇ ಪದ ಸೇರಿಸಿದರು. ಸಣ್ಣ ಮ್ಯಾಕ್ರೊಗೆ ನಕಲು ಮಾತ್ರ ಹೋಗಲಿ ಎಂದು ಅದರ ಅರ್ಥವಂತೆ. ಬಟನ್ ಒತ್ತಿದರೆ ಎರಡನೆಯ ವಾರದಲ್ಲೇ ಆರನೆಯ ನಂಬರಿಗೆ ಹಗಲು ಬಂತು.

“ಸರ್, ಇದು ನಿಮಗ ಮೊದಲ ಗೊತ್ತಿತ್ತೇನ್ರಿ?”

“ಮರತಬಿಟ್ಟಿದ್ದೆ,” ಎಂದರು, ಸ್ಕ್ರೀನಿನಿಂದ ಕಣ್ಣು ತೆಗೆಯದೆ.

ಆ ಪದವನ್ನು ಮರೆತಿದ್ದರೋ, ತಿದ್ದುವುದನ್ನು ಮರೆತಿದ್ದರೋ, ಕೇಳುವ ಧೈರ್ಯ ಬರಲಿಲ್ಲ. ಅವರ ಹೆಂಡತಿ, ಅಧ್ಯಕ್ಷರ ಮಗಳು, ಚಹಾ ತಂದಿಟ್ಟು ಬಾಗಿಲಲ್ಲೇ ನಿಂತಿದ್ದಳು.

ಹೊಸ ಪಟ್ಟಿಯನ್ನು ಬೋರ್ಡಿಗೆ ಅಂಟಿಸಿದ ದಿನ ಅಧ್ಯಕ್ಷರು ಅದರ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕರೆದರು.

“ಬಾಯಾರ, ಆ ಹೆಣಮಗಳು ನಿಮಗ ಏನ ಆಗಬೇಕು?”

“ಏನೂ ಆಗಬೇಕಿಲ್ರಿ. ನಿಮ್ಮ ಅಳಿಯಾರ ಸರಿ ಮಾಡಿಕೊಟ್ಟಾರ.”

ಅವರು ಹೊರಗಿನ ಕಟ್ಟೆಗೆ ಹೋಗಿ ಯಾರಿಗೋ ಸಣ್ಣ ದನಿಯಲ್ಲಿ ಫೋನ್ ಮಾಡಿದರು. ಅಷ್ಟು ದಿನ ಹಗಲು ಪಾಳಿ ಉಂಡಿದ್ದ ಉಳಿದವರೂ, ಅಂಕಿ ತುಂಬುವ ಕೈ ನನ್ನದೇ ಎಂದು ಕಟ್ಟೆಯ ಮೇಲೆ ಆಡಿಕೊಂಡರಂತೆ.

ಮುಂದಿನ ಸಭೆಯಲ್ಲಿ ನಾನೇ ಎದ್ದು, ಅಂಕಿ ತುಂಬುವಾಗ ಬೆಸದವರೊಬ್ಬರು, ಸಮದವರೊಬ್ಬರು ಪಕ್ಕದಲ್ಲಿ ಕುಳಿತುಕೊಳ್ಳಲಿ ಎಂದೆ. ಎಲ್ಲರೂ ಒಪ್ಪಿದರು. ಸಮದವರ ಪರವಾಗಿ ಆರನೆಯ ನಂಬರಿನ ಆಕೆಯೇ ಬರುತ್ತಾಳೆ. ಮೊದಲ ಸಲ ನಾನು ಮ್ಯಾಕ್ರೊ ತೆರೆದು ಆ ಸಾಲು ತೋರಿಸಿದೆ. ಆಕೆಗೆ ಇಂಗ್ಲಿಷ್ ಓದಲು ಬಾರದು.

“ಒಳಗ ಹೋದಮ್ಯಾಲ ಅಂಕಿ ಬದಲಾಗೂದಿಲ್ಲಲ್ರಿ?”

“ಇಲ್ಲವಾ.”

ಆಕೆ ಸ್ಕ್ರೀನು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಬೈಲಹೊಂಗಲದಲ್ಲಿ ಮೇಷ್ಟ್ರ ಮುಖವನ್ನು ನೋಡಿದಂತೆ. ಪಟ್ಟಿ ಪ್ರಿಂಟಾದ ಮೇಲೂ ಎದ್ದು ಹೋಗಲಿಲ್ಲ. ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ನಾಲ್ಕೂ ವಾರ ಎಣಿಸಿದಳು.