ನಟ್ಟು ಬೋಲ್ಟಿನ ಕೂಡು ಕಳೆ

ಮಗಳು ಒಂದನೇ ಕ್ಲಾಸು. ಆಟದ ಸಾಮಾನಿನ ಡಬ್ಬಿಯೊಂದನ್ನು ಕೊಡಿಸಿ ಎಂದು ಸ್ಕೂಲಿನವರು ಹೇಳಿ ಕಳಿಸಿದ್ದರು. ಕೆಂಪು, ಹಳದಿ, ನೀಲಿ ಬಣ್ಣದ ಪ್ಲಾಸ್ಟಿಕ್ ನಟ್ಟುಗಳು, ಅವನ್ನು ತಿರುಗಿಸಿ ಹಾಕಲು ದಪ್ಪ ಬೋಲ್ಟುಗಳು. ಇದರಿಂದ ಕೂಡುವುದೂ ಕಳೆಯುವುದೂ ಬರುತ್ತದೆ, ಬೆರಳಿಗೆ ಹಿಡಿತವೂ ಬರುತ್ತದೆ ಎಂದು ಮಿಸ್ ವಿವರಿಸಿದರು. ಮನೆಗೆ ಬಂದು ಡಬ್ಬಿ ತೆರೆದವಳೇ ಒಂದು ನಟ್ಟನ್ನು ಮೂಗಿಗೆ ಹಿಡಿದೆ. ಯಾವ ವಾಸನೆಯೂ ಇರಲಿಲ್ಲ. ನಟ್ಟು ಎಂದರೆ ಸೀಮೆಎಣ್ಣೆ, ಗ್ರೀಸು, ಕಬ್ಬಿಣ ಮೂರೂ ಕಲೆತ ವಾಸನೆ ಬರಬೇಕೆಂದು ನನ್ನ ಮೂಗು ಇನ್ನೂ ನಂಬಿಕೊಂಡಿದೆ. ಹಾಗೆ ನಂಬಿಸಿದವರು ನಮ್ಮ ಎದುರುಮನೆ ಕಾಕಾ.

ತೊಂಬತ್ತರ ದಶಕದ ಮೊದಲ ವರ್ಷಗಳು. ಲಗ್ಗೆರೆಯ ಒಂದು ವಠಾರದಲ್ಲಿ ನಾವಿದ್ದೆವು. ಅಲ್ಲಿನ ಗಂಡಸರೆಲ್ಲ ಪೀಣ್ಯದ ಒಂದಲ್ಲ ಒಂದು ಫ್ಯಾಕ್ಟರಿಗೆ ಹೋಗುವವರೇ. ಯಾರಿಗೆ ಯಾವ ಶಿಫ್ಟು ಎನ್ನುವುದು ಎಲ್ಲರಿಗೂ ಬಾಯಿಪಾಠ. ಎದುರುಮನೆಯವರು ಬಿಜಾಪುರದ ಕಡೆಯವರು, ಗಂಡ ಹೆಂಡತಿ ಇಬ್ಬರೇ. ನಾವು ಮಕ್ಕಳು ಅಂಕಲ್ ಎಂದರೆ ಅವರು ಓಗೊಡುತ್ತಿರಲಿಲ್ಲ. "ಕಾಕಾ ಅನ್ರಿ" ಎನ್ನುತ್ತಿದ್ದರು. ನಮಗೆ ಕಾಕಾ ಎಂದರೆ ಟೀ ಅಂಗಡಿಯವನು; ಕಿಸಕ್ಕನೆ ನಗುತ್ತಿದ್ದೆವು. ಅವರ ಹೆಂಡತಿಯನ್ನು ಕಾಕು ಎಂದು ಕರೆಯುವುದನ್ನೂ ಅವರೇ ಕಲಿಸಿದರು.

ಕಾಕಾ ಪವರ್ ಪ್ರೆಸ್ ಆಪರೇಟರ್. ತಗಡನ್ನು ಒಂದೇ ಏಟಿಗೆ ಕತ್ತರಿಸುವ ಮಿಷನ್ನು ಅದು. ಒಂದು ಮಧ್ಯಾಹ್ನ ಅದು ಅವರ ಬಲಗೈಯ ತೋರುಬೆರಳನ್ನು ಪೂರ್ತಿ, ನಡುಬೆರಳಿನಲ್ಲಿ ಎರಡು ಗೆಣ್ಣನ್ನು ತೆಗೆದುಕೊಂಡಿತು. ಗಾಯ ಮಾಗಿದ ಮೇಲೆ, ಉಳಿದ ಬೆರಳುಗಳಿಂದ ಸಣ್ಣ ಸಾಮಾನು ಹಿಡಿದು ಅಭ್ಯಾಸ ಮಾಡಬೇಕೆಂದು ಡಾಕ್ಟರು ಹೇಳಿದರು. ಫ್ಯಾಕ್ಟರಿಯವರ ಮಾತು ಇನ್ನೂ ನೇರ. ಎರಡು ತಿಂಗಳು ಬಿಟ್ಟು ಬಂದು ಕೈ ತೋರಿಸು. ಓಡಿದರೆ ಮತ್ತೆ ಪ್ರೆಸ್ಸು, ಓಡದಿದ್ದರೆ ಗೇಟಿನಲ್ಲಿ ವಾಚ್‌ಮನ್. ಕಾಕಾಗೆ ಗೇಟು ಬೇಡವಾಗಿತ್ತು. ಆಪರೇಟರ್ ಆಗಿದ್ದವನು ಬಂದವರಿಗೆಲ್ಲ ಸಲ್ಯೂಟ್ ಹೊಡೆಯುವುದೇ ಎಂದು ನಮ್ಮಪ್ಪನ ಹತ್ತಿರ ಹೇಳಿಕೊಂಡಿದ್ದರು.

ಆದರೆ ಹಗಲು ಹೊತ್ತು ಒಬ್ಬರೇ ಜಗುಲಿಯ ಮೇಲೆ ಕೂತು ನಟ್ಟು ತಿರುಗಿಸಲು ಅವರಿಗೆ ನಾಚಿಕೆ. ಹಾಗಾಗಿ ನಮ್ಮನ್ನು ಕೂಡಿಸಿಕೊಂಡರು. ಸ್ಕೂಲು ಬಿಟ್ಟ ಮೇಲೆ ನಾವು ನಾಲ್ಕೈದು ಮಕ್ಕಳು, ನಡುವೆ ಹಳೆಯ ಇಪ್ಪತ್ತು ನಟ್ಟು, ಉದ್ದನೆಯ ಒಂದಷ್ಟು ಬೋಲ್ಟು.

"ಐದು ಹಾಕು. ಮ್ಯಾಲ ಮೂರು ಹಾಕು. ಎಷ್ಟಾತು?"

ನಾವು ಬೋಲ್ಟಿಗೆ ನಟ್ಟು ಏರಿಸಿ ಉತ್ತರ ಹೇಳುವಷ್ಟರಲ್ಲಿ ಅವರೂ ಏರಿಸಬೇಕು. ಮೊದಮೊದಲು ನಾವೇ ಗೆಲ್ಲುತ್ತಿದ್ದೆವು. ಹೆಬ್ಬೆರಳು ಮತ್ತು ಉಂಗುರದ ಬೆರಳ ನಡುವಿನಿಂದ ಅವರ ನಟ್ಟು ಜಾರಿ ಮೋರಿಯ ಕಡೆಗೆ ಉರುಳುತ್ತಿತ್ತು. ನಮ್ಮ ಬೆರಳುಗಳು ಕಪ್ಪಗಾಗುತ್ತಿದ್ದವು, ಅಮ್ಮ ಬೈಯುತ್ತಿದ್ದಳು. ಆದರೆ ಆ ವರ್ಷ ನನ್ನ ಅಕ್ಷರ ದುಂಡಗಾಯಿತು. ಪೆನ್ಸಿಲ್ಲು ಕೈಯಲ್ಲಿ ನಿಲ್ಲತೊಡಗಿತು.

ಕೂಡುವುದು ನನಗೆ ಬರುತ್ತಿತ್ತು. ಕಳೆಯುವುದರಲ್ಲಿ ಮಾತ್ರ ದಡ್ಡಿ. ಅದರಲ್ಲೂ ಹನ್ನೆರಡರಲ್ಲಿ ಐದು ಹೋದರೆ ಎಷ್ಟೆಂದರೆ ಬಾಯಿ ಕಟ್ಟುತ್ತಿತ್ತು. ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಮುಟ್ಟುತ್ತ ಎಣಿಸುತ್ತೇವಲ್ಲ, ಬೆರಳಿಗೆ ಮೂರರಂತೆ ಒಂದು ಕೈಗೆ ಹನ್ನೆರಡು... ಅದನ್ನು ಅವರೇ ಹೇಳಿಕೊಟ್ಟರು. ಆಮೇಲೆ ತಮ್ಮ ಬಲಗೈಯನ್ನು ನನ್ನ ಮುಂದೆ ಬಿಡಿಸಿ ಹಿಡಿದರು.

"ಹನ್ನೆರಡು ಇದ್ದುವು. ಐದು ಮಿಷನ್ ತಿಂತು. ಉಳದದ್ದು ಎಷ್ಟು, ಎಣಸು."

ನಾನು ಒಂದೊಂದೇ ಗೆಣ್ಣು ಮುಟ್ಟಿ ಎಣಿಸಿದೆ. ಏಳು. ಅವರು ನಕ್ಕರು, ನಾನೂ ನಕ್ಕೆ. ಆ ಲೆಕ್ಕ ನನಗೆ ಮತ್ತೆಂದೂ ತಪ್ಪಲಿಲ್ಲ.

ಅವರ ಕೈ ಚುರುಕಾಗುತ್ತ ಬಂದ ಹಾಗೆ ನಟ್ಟುಗಳು ಕಡಿಮೆಯಾಗತೊಡಗಿದವು. ಇವತ್ತು ಹತ್ತೊಂಬತ್ತು, ಮತ್ತೊಂದು ದಿನ ಹದಿನೆಂಟು... "ಯಾರಲೇ ನುಂಗಿದವರು?" ಎಂದು ಕಾಕಾ ಹುಡುಗರ ಜೇಬು ತಡವುತ್ತಿದ್ದರು. ಒಂದು ಸಂಜೆ ಅಮ್ಮ ಹೆಪ್ಪಿಗೆ ಮಜ್ಜಿಗೆ ತರಲು ಕಳಿಸಿದ್ದಳು. ಹೋದರೆ, ಕಾಕು ಒಂದು ನಟ್ಟನ್ನು ಜೋಳದ ಹಿಟ್ಟಿನ ಡಬ್ಬಿಯೊಳಗೆ ಒತ್ತುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು. ಮಣಿಕಟ್ಟಿನವರೆಗೆ ಹಿಟ್ಟು.

"ಯಾರ ಮುಂದೂ ಹೇಳಬ್ಯಾಡ ತಂಗಿ. ಕೈ ನೆಟ್ಟಗಾದ್ರ ಮತ್ತ ಅದ ಮಿಷನ್ನಿಗೆ ಹೋಗ್ತಾರ. ಗೇಟಿನಾಗ ಕುಂತ್ರ ಏನ ಕಮ್ಮಿ ಆಗ್ತೈತಿ?"

ನಾನು ಹೇಳಲಿಲ್ಲ. ಎರಡು ಮೂರು ನಟ್ಟು ಬಚ್ಚಿಟ್ಟರೆ ಗಂಡನ ಕೈ ಓಡುವುದು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಬಚ್ಚಿಡಲು ಅವರ ಕೈಗೆ ಸಿಕ್ಕಿದ್ದು ಅಷ್ಟೇ. ಮಿಷನ್ನನ್ನು ಹಿಟ್ಟಿನ ಡಬ್ಬಿಯಲ್ಲಿ ಇಡಲು ಬರುವುದಿಲ್ಲವಲ್ಲ.

ಎರಡು ತಿಂಗಳು ತುಂಬಿದ ದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಸಂಜೆ ಜಿಲೇಬಿ ಪೊಟ್ಟಣ ಹಿಡಿದು ಬಂದರು. ಸೂಪರ್‌ವೈಸರ್ ಎದುರು ನಟ್ಟು ಏರಿಸಿ, ಇಳಿಸಿ ತೋರಿಸಿದ್ದರಂತೆ, ಸೋಮವಾರದಿಂದ ಪ್ರೆಸ್ಸು. ವಠಾರದ ಮಕ್ಕಳೆಲ್ಲ ಕೂಗಾಡಿದೆವು, ನಾವೇ ಪಾಸಾದ ಹಾಗೆ. ಕಾಕು ಒಂದು ಜಿಲೇಬಿ ತೆಗೆದುಕೊಂಡು ತಿನ್ನದೆ ಹಿಡಿದುಕೊಂಡೇ ನಿಂತಿದ್ದರು. ಪಾಕ ಮುಂಗೈಗೆ ಇಳಿಯುತ್ತಿತ್ತು. ಆಮೇಲೆ ಒಳಗೆ ಹೋಗಿ, ಹಿಟ್ಟು ಮೆತ್ತಿದ ನಟ್ಟುಗಳನ್ನು ತಂದು ನಮ್ಮ ನಡುವೆ ಸುರಿದರು.

"ಡಬ್ಬಿ ಹಿಂದ ಬಿದ್ದಿದ್ದುವು ನೋಡ್ರಿ."

ಕಾಕಾ ಎಣಿಸಿದರು. ಇಪ್ಪತ್ತು. "ಹಾಂ, ಈಗ ಲೆಕ್ಕ ಸರಿಯಾತು" ಎಂದು ಹೆಂಡತಿಯ ಮುಖ ನೋಡಿ ನಕ್ಕರು. ಕಾಕು ಕೈ ತೊಳೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ಮತ್ತೆ ಆ ಆಟ ನಡೆಯಲಿಲ್ಲ. ಶಿಫ್ಟು ಮುಗಿಸಿ ಬಂದು ಅವರು ಮಲಗಿಬಿಡುತ್ತಿದ್ದರು. ಮುಂದಿನ ವರ್ಷ ಫ್ಯಾಕ್ಟರಿ ಊರಾಚೆಯ ಮಾಕಳಿಗೆ ಹೋಯಿತು, ಅವರೂ ಹೋದರು...

ಇನ್ನೊಂದು ಸಲ ಅವರನ್ನು ಕಂಡದ್ದು ನಾನು ಪಿಯುಸಿಯಲ್ಲಿದ್ದಾಗ, ತುಮಕೂರು ರಸ್ತೆಯ ಬಸ್ ಸ್ಟಾಪಿನಲ್ಲಿ. ಕೂದಲು ನೆರೆತಿತ್ತು, ನಗು ಮಾತ್ರ ಅದೇ. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು.

"ಹನ್ನೆರಡರಾಗ ಐದು ಹೋದ್ರ ಎಷ್ಟು?" ಎಂದರು.

"ಏಳು, ಕಾಕಾ."

"ಅದು ಹಳೇ ಲೆಕ್ಕ, ತಂಗಿ" ಎಂದರು.

ಕಾಕು ಹೇಗಿದ್ದಾರೆ ಎಂದೆ. "ಅದಾಳ" ಎಂದರು. ಅಷ್ಟರಲ್ಲಿ ಬಸ್ಸು ಬಂತು. ಎಡಗೈಯಿಂದ ಕಂಬಿ ಹಿಡಿದು ಹತ್ತಿದರು. ಬಲಗೈ ಜೇಬಿನಿಂದ ಹೊರಗೆ ಬರಲಿಲ್ಲ. ಆ ಹೊಸ ಲೆಕ್ಕದಲ್ಲಿ ಉಳಿದದ್ದೆಷ್ಟು ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಅವರ ಸುದ್ದಿಯೇ ಇಲ್ಲ. ಈಗ ಇದ್ದಾರೋ ಇಲ್ಲವೋ... ವಿಚಾರಿಸೋಣ ಎಂದರೆ ಆ ವಠಾರವೂ ಈಗಿಲ್ಲ.

ಇದೆಲ್ಲ ನೆನಪಾದರೂ ಅಳು ಬರಲಿಲ್ಲ. ನೋವು ಎಂದೂ ಅನ್ನಿಸಲಿಲ್ಲ. ಕೈ ಜೋಮು ಹಿಡಿದಾಗ ಮುಟ್ಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಮಗಳು ನೆಲದ ಮೇಲೆ ಕೂತು ಹಳದಿ ಬೋಲ್ಟಿಗೆ ನಟ್ಟು ತಿರುಗಿಸುತ್ತಿದ್ದಳು. ಕಳೆಯುವ ಲೆಕ್ಕದಲ್ಲಿ ಅವಳೂ ನನ್ನ ಹಾಗೆಯೇ. ಅವಳ ಕೈಯೆರಡೂ ನಟ್ಟು ಬೋಲ್ಟಿನಿಂದ ತುಂಬಿದ್ದವು.

"ಅಮ್ಮಾ, ನಿನ್ನ ಕೈಯಲ್ಲಿ ಎಣಿಸ್ಲಾ?" ಎಂದಳು.

ಅವಳ ಮುಂದೆ ನನ್ನ ಬಲಗೈಯನ್ನು ಬಿಡಿಸಿ ಹಿಡಿದೆ. ಅವಳು ಬೋಲ್ಟನ್ನು ಕೆಳಗಿಟ್ಟು, ಒಂದೊಂದೇ ಗೆಣ್ಣು ಮುಟ್ಟಿ ಎಣಿಸಿದಳು. ಹನ್ನೆರಡೂ ಇದ್ದವು.